‘ಮಾಡಿದ್ದುಣ್ಣೋ ಮಹರಾಯ’ ಅನ್ನಬಹುದೇ ಕ್ರಾಂಕನ್‌ಕಾಸೆ?

ಜರ್ಮನಿಗೆ ಬಂದ ಹೊಸದರಲ್ಲಿ ಸಂಬಳದ ಚೀಟಿ ಕೈಗೆ ಬಂದಾಗ ನಮ್ಮವರ ಕಣ್ಣು ಮೊದಲು ಹೋಗುವುದು ತೆರಿಗೆಯ ಸಾಲಿಗೆ. ಅದರ ಕೆಳಗೇ ಇನ್ನೊಂದು ಸಾಲು ಇರುತ್ತೆ, ಕ್ರಾಂಕನ್‌ಕಾಸೆಯದು. ಒಂದು ಮಿತಿಯವರೆಗಿನ ಸಂಬಳದ ಮೇಲೆ ಶೇ. 14.6, ಜೊತೆಗೆ ಆಯಾ ಕಾಸೆಯವರು ಸೇರಿಸುವ ಹೆಚ್ಚುವರಿ ಪಾಲು. ಇದರಲ್ಲಿ ಅರ್ಧ ನಮ್ಮದು, ಅರ್ಧ ಕಂಪನಿಯದು. (ಜರ್ಮನ್ನರ ಕಾಸೆಗೂ ನಮ್ಮ ಕಾಸಿಗೂ ಸಂಬಂಧವಿಲ್ಲ, ಸದ್ದು ಮಾತ್ರ ಒಂದೇ. ಆದರೂ ನಮ್ಮ ಮನೆಯಲ್ಲಿ ಅದಕ್ಕೆ ‘ಕಾಯಿಲೆ ಕಾಸು’ ಅಂತಲೇ ಹೆಸರು.) ಈ ಸಾಲಿನ ಒಂದು ವಿಶೇಷ ಏನಂದ್ರೆ, ನೀವು ಸಿಗರೇಟು ಸೇದ್ತೀರಾ, ಕುಡೀತೀರಾ, ನಿಮ್ಮ ತೂಕ ಎಷ್ಟು ಅಂತ ಅದು ಕೇಳುವುದಿಲ್ಲ. ಸಂಬಳ ಎಷ್ಟು ಅಂತ ಮಾತ್ರ ಕೇಳುತ್ತದೆ.

ಇದು ಸರಿಯೇ ಅನ್ನುವ ವಾದ ನಮ್ಮ ಕೂಟಗಳಲ್ಲಿ ಊಟದ ಹೊತ್ತಿಗೆ ಆಗಾಗ ಏಳುತ್ತದೆ. ‘ನಾನು ದಿನಾ ಐದು ಕಿಲೋಮೀಟರ್ ಓಡ್ತೀನಿ. ನನ್ನ ಪಕ್ಕದ ಮನೆಯವನು ಬಾಲ್ಕನಿಯಲ್ಲಿ ನಿಂತು ದಿನಕ್ಕೊಂದು ಪ್ಯಾಕ್ ಸೇದ್ತಾನೆ. ಇಬ್ಬರಿಗೂ ಒಂದೇ ರೇಟಾ? ಅವನ ಶ್ವಾಸಕೋಶಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು?’ ಕೇಳಿದವರಿಗೆ ತಕ್ಷಣ ಹೌದಲ್ಲ ಅನ್ನಿಸುವ ಮಾತು. ಮಾಡಿದ್ದುಣ್ಣೋ ಮಹರಾಯ ಅಂತ ನಮ್ಮ ಹಿರಿಯರೂ ಹೇಳಿದ್ದಾರಲ್ಲ. ಆದರೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಚೀಟಿಯಲ್ಲಿರುವ ಈ ಸಾಲು ಹುಟ್ಟಿದ ದಿನವೇ ಜರ್ಮನರು ಇದನ್ನು ಕೇಳಿಕೊಂಡಿದ್ದರು, ಉತ್ತರವನ್ನು ಕಾನೂನಿನಲ್ಲಿ ಬರೆದೂ ಇಟ್ಟಿದ್ದರು. ಆ ಉತ್ತರ ಆಮೇಲೆ ಏನಾಯಿತು ಅನ್ನುವುದೇ ಈ ಲೇಖನದ ವಿಷಯ.

1883ರ ಜೂನ್ 15ರಂದು ಕಾರ್ಮಿಕರ ಆರೋಗ್ಯ ವಿಮೆಯ ಕಾನೂನು ಬಂತು, 1884ರ ಡಿಸೆಂಬರ್ 1ರಿಂದ ಜಾರಿಯಾಯಿತು. ಇಡೀ ದೇಶಕ್ಕೆ ಕಡ್ಡಾಯವಾಗಿ ಇಂಥ ವಿಮೆ ತಂದದ್ದು ಪ್ರಪಂಚದಲ್ಲಿ ಇದೇ ಮೊದಲು. ತಂದವರು ಬಿಸ್ಮಾರ್ಕ್. ಅವರಿಗೇನು ಕಾರ್ಮಿಕರ ಮೇಲೆ ಪ್ರೀತಿ ಉಕ್ಕಿ ಹರಿದಿರಲಿಲ್ಲ. 1878ರಲ್ಲಿ ಸಮಾಜವಾದಿಗಳ ಸಂಘಟನೆ, ಸಭೆ, ಪತ್ರಿಕೆಗಳನ್ನು ನಿಷೇಧಿಸಿದ್ದೂ ಅವರೇ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ. ಆಗ ಹಣದಲ್ಲಿ ಮೂರನೇ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಪ್ರತಿಯಾಗಿ ಕಾರ್ಮಿಕನಿಗೆ ಡಾಕ್ಟರು, ಔಷಧಿ, ಮತ್ತು ಮೂರನೇ ದಿನದಿಂದ ಕೂಲಿಯ ಅರ್ಧದಷ್ಟು ಭತ್ಯೆ, ಹೆಚ್ಚೆಂದರೆ 13 ವಾರ.

ಆ ಕಾಲಕ್ಕೆ ಔಷಧಿಗಿಂತ ದೊಡ್ಡದು ಈ ಭತ್ಯೆ. ಔಷಧಿಯಿಂದ ವಾಸಿಯಾಗುತ್ತಿದ್ದ ಕಾಯಿಲೆಗಳೇ ಕಡಿಮೆ. ಮನೆಯಲ್ಲಿ ದುಡಿಯುವವನು ಮಲಗಿದರೆ ಒಲೆ ಉರಿಯಬೇಕಾದದ್ದು ಈ ದುಡ್ಡಿನಿಂದ. ಕಾನೂನು ಕತ್ತರಿ ಇಟ್ಟುಕೊಂಡದ್ದೂ ಇಲ್ಲೇ. ಬೇಕೆಂದೇ ತಂದುಕೊಂಡ ಕಾಯಿಲೆ, ಹೊಡೆದಾಟದಲ್ಲಿ ತನ್ನ ತಪ್ಪಿನಿಂದ ಆದ ಗಾಯ, ಕುಡಿತದಿಂದ ಬಂದ ಕಾಯಿಲೆ, ‘ಲೈಂಗಿಕ ಅತಿರೇಕ’ದಿಂದ ಬಂದ ಕಾಯಿಲೆ, ಈ ನಾಲ್ಕಕ್ಕೆ ಭತ್ಯೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಲು ಕಾನೂನು ಅನುಮತಿ ಕೊಟ್ಟಿತು. ಡಾಕ್ಟರನ್ನು ನಿಲ್ಲಿಸಲಿಲ್ಲ, ಔಷಧಿ ನಿಲ್ಲಿಸಲಿಲ್ಲ. ನಿಲ್ಲುತ್ತಿದ್ದದ್ದು ಮನೆಗೆ ಬರುವ ದುಡ್ಡು. ಕುಡಿದವನು ಗಂಡ, ಉಪವಾಸ ಬಿದ್ದವರು ಹೆಂಡತಿ ಮಕ್ಕಳು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಹೊಡೆದಾಟ ಇದೆ, ಕುಡಿತ ಇದೆ. ಅದೇ ಕಾಲದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಶ್ರೀಮಂತರ ಮಕ್ಕಳು ಕತ್ತಿವರಸೆಯಲ್ಲಿ ಒಬ್ಬರ ಮುಖವನ್ನೊಬ್ಬರು ಸೀಳಿಕೊಂಡು ಆ ಗಾಯದ ಗುರುತನ್ನು ಜೀವನಪೂರ್ತಿ ಹೆಮ್ಮೆಯಿಂದ ಹೊತ್ತು ತಿರುಗುತ್ತಿದ್ದರು. ಅದು ಮರ್ಯಾದೆಯ ಗುರುತು. ಹೆಂಡದಂಗಡಿಯ ಮುಂದೆ ಇಬ್ಬರು ಗಾರೆ ಕೆಲಸದವರು ಕೈಕೈ ಮಿಲಾಯಿಸಿದರೆ ಅದು ದುರಭ್ಯಾಸ. ಕಾನೂನು ಬಂದದ್ದು ಕಾರ್ಮಿಕರಿಗಾಗಿ, ನಿಜ, ಅದಕ್ಕೇ ಅದು ಕಾರ್ಮಿಕರ ಅಭ್ಯಾಸಗಳನ್ನು ಮಾತ್ರ ನೋಡಿತು ಅಂತ ಸಮರ್ಥಿಸಬಹುದು. ಆದರೆ ಈ ಲೆಕ್ಕ ಮುಂದೆಯೂ ಹೀಗೇ ನಡೆದುಕೊಂಡು ಬಂದದ್ದನ್ನು ನೋಡಿದರೆ ಆ ಸಮರ್ಥನೆ ಸಾಲದು.

ಯಾರು ಯಾವ ಕಾರಣಕ್ಕೆ ಮಲಗಿದ್ದಾನೆ ಅಂತ ಗೊತ್ತಾಗುವುದು ಹೇಗೆ? ಕಾಸೆಯವರು ಮನೆಮನೆಗೆ ಆಳು ಕಳಿಸುತ್ತಿದ್ದರು. ರೋಗಿ ಮನೆಯಲ್ಲಿದ್ದಾನಾ, ಹೆಂಡದಂಗಡಿಯಲ್ಲಿ ಕೂತಿದ್ದಾನಾ, ಡಾಕ್ಟರು ಹೇಳಿದ ಹೊತ್ತು ಮೀರಿ ಹೊರಗೆ ಓಡಾಡುತ್ತಿದ್ದಾನಾ ಅಂತ ನೋಡುವುದು ಇವರ ಕೆಲಸ. ಒಂಥರಾ ಹಾಜರಿ ತೆಗೆದುಕೊಳ್ಳುವ ಮೇಸ್ತ್ರಿಗಳು.

ಬರ್ಲಿನ್ನಿನಲ್ಲಿ ಈ ಹಾಜರಿ ತೆಗೆಯುವವರಿಂದಲೇ ಒಂದು ವಿಚಿತ್ರ ನಡೆಯಿತು. ಅಲ್ಲಿ ವ್ಯಾಪಾರಿ ಸಂಸ್ಥೆ, ಔಷಧಿ ಅಂಗಡಿಗಳಲ್ಲಿ ಕೆಲಸ ಮಾಡುವವರ ಒಂದು ಕಾಸೆ ಇತ್ತು. ಅದನ್ನು ನಡೆಸುತ್ತಿದ್ದವರು ಆಲ್ಬರ್ಟ್ ಕೋನ್. ರೋಗಿಗಳ ಮನೆಗೆ ಹೇಗೂ ಜನ ಹೋಗ್ತಾರಲ್ಲ, ಹೋದವರು ರೋಗಿಯನ್ನು ಮಾತ್ರ ಯಾಕೆ ನೋಡಬೇಕು, ಮನೆಯನ್ನೂ ನೋಡಿ ಬರಲಿ ಅಂತ ಕೋನ್ ತೀರ್ಮಾನಿಸಿದರು. 1901ರಿಂದ ಶುರುವಾದ ಈ ಸಮೀಕ್ಷೆ 1920ರವರೆಗೆ ನಡೆಯಿತು. ಕೋಣೆಯ ಅಳತೆ, ಕಿಟಕಿ ಇದೆಯೇ, ಒಂದು ಶೌಚಾಲಯಕ್ಕೆ ಎಷ್ಟು ಜನ, ರೋಗಿಗೆ ತನ್ನದೇ ಆದ ಹಾಸಿಗೆ ಉಂಟೇ ಅಂತೆಲ್ಲ ಬರೆದುಕೊಂಡು ಬಂದರು. ಫೋಟೋಗ್ರಾಫರನ್ನೂ ಕರೆದುಕೊಂಡು ಹೋದರು. ಆ ಚಿತ್ರಗಳು ಇವತ್ತಿಗೂ ಬರ್ಲಿನ್ನಿನ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತವೆ. ನೀರು ಇಳಿಯುವ ನೆಲಮಾಳಿಗೆ, ಮಾಳಿಗೆಯ ಇಳಿಜಾರಿನ ಕೆಳಗೆ ನಿಲ್ಲಲೂ ಆಗದ ಕೋಣೆ, ಒಲೆಯ ಪಕ್ಕದಲ್ಲೇ ಮಂಚ, ಅದೇ ಕೋಣೆಯಲ್ಲಿ ಬಟ್ಟೆ ಹೊಲಿಯುವ ಕೆಲಸ. ಕ್ಷಯದ ರೋಗಿ ಮನೆಯ ಇತರರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಬೇಕಾದ ಪರಿಸ್ಥಿತಿ.

ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ ಇದೇ ಬರ್ಲಿನ್ನಿನಲ್ಲಿ 1882ರಲ್ಲಿ ತೋರಿಸಿಕೊಟ್ಟಿದ್ದರು ಅನ್ನುವುದನ್ನು ನೆನಪಿಡಿ. ರೋಗ ಎಲ್ಲಿಂದ ಬರುತ್ತದೆ ಅನ್ನುವುದು ತಿಳಿದಿತ್ತು. ಆದರೂ ರೋಗಿ ಹೆಂಡದಂಗಡಿಗೆ ಹೋದನೇ ಅಂತ ಪತ್ತೆ ಮಾಡುವುದಕ್ಕೆ ಇದ್ದ ಆಸಕ್ತಿ, ಅವನು ಹೆಂಡದಂಗಡಿಗೆ ಯಾಕೆ ಹೋಗುತ್ತಾನೆ ಅನ್ನುವುದರಲ್ಲಿ ಇರಲಿಲ್ಲ. ಆ ಮನೆಗಳ ಚಿತ್ರ ನೋಡಿದರೆ ಅದು ತಾನಾಗೇ ಗೊತ್ತಾಗುತ್ತದೆ. ಬೆಚ್ಚಗೆ ಬೆಳಕಿನಲ್ಲಿ ಕೂರಲು ಅವನಿಗೆ ಇದ್ದದ್ದು ಅದೊಂದೇ ಜಾಗ. ಗಲ್ಫಿನ ಲೇಬರ್ ಕ್ಯಾಂಪಿನ ಬಂಕ್ ಹಾಸಿಗೆಯಲ್ಲಿ ವರ್ಷಗಟ್ಟಲೆ ಕಳೆದು ಆಮೇಲೆ ಇಲ್ಲಿಗೆ ಬಂದ ಗೆಳೆಯರು ನಮ್ಮಲ್ಲೂ ಇದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1883ರ ಪಟ್ಟಿ ಕರಗತೊಡಗಿದ್ದು ದಯೆಯಿಂದಲ್ಲ, ಲೆಕ್ಕದಿಂದ. ಗುಹ್ಯರೋಗ ಬಂದವನಿಗೆ ಭತ್ಯೆ ಇಲ್ಲ ಅಂದರೆ ಅವನು ಏನು ಮಾಡುತ್ತಾನೆ? ರೋಗವನ್ನು ಮುಚ್ಚಿಡುತ್ತಾನೆ. ಕೆಲಸಕ್ಕೂ ಹೋಗುತ್ತಾನೆ, ಮನೆಗೂ ಹೋಗುತ್ತಾನೆ, ರೋಗ ಹರಡುತ್ತದೆ. ಬರ್ಲಿನ್ನಿನ ಆಲ್ಫ್ರೆಡ್ ಬ್ಲಾಷ್ಕೊ ಅವರಂಥ ವೈದ್ಯರ ವಾದ ಇದೇ ಆಗಿತ್ತು. ಈ ರೋಗಗಳ ವಿರುದ್ಧ ಹೋರಾಡಲು 1902ರಲ್ಲಿ ಒಂದು ಸಂಘವೇ ಹುಟ್ಟಿತು. ಮರುವರ್ಷ, 1903ರ ತಿದ್ದುಪಡಿಯಲ್ಲಿ, ‘ಲೈಂಗಿಕ ಅತಿರೇಕ’ದ ಮಾತನ್ನು ಕಾನೂನಿನಿಂದ ತೆಗೆದರು, ಭತ್ಯೆಯ ಅವಧಿಯನ್ನು 13ರಿಂದ 26 ವಾರಕ್ಕೆ ಏರಿಸಿದರು. ಶಿಕ್ಷೆ ಕೊಟ್ಟರೆ ಅಭ್ಯಾಸ ಹೋಗುವುದಿಲ್ಲ, ಡಾಕ್ಟರ ಬಳಿ ಬರುವುದು ಮಾತ್ರ ನಿಲ್ಲುತ್ತದೆ ಅನ್ನುವುದು ಇಪ್ಪತ್ತು ವರ್ಷದಲ್ಲಿ ಅವರಿಗೆ ತಿಳಿದುಹೋಗಿತ್ತು.

ತಿಳಿದದ್ದು ಉಳಿಯಲಿಲ್ಲ. ಮುಂದಿನ ಅಧ್ಯಾಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಬಿಡುವಂತೆಯೂ ಇಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಯಹೂದಿ ಡಾಕ್ಟರುಗಳನ್ನು ಕಾಸೆಗಳಿಂದ ಹೊರಹಾಕಲು ಶುರು ಮಾಡಿದರು. ಅದೇ ವರ್ಷ ಜುಲೈ 14ರಂದು ಆನುವಂಶಿಕ ರೋಗದ ಹೆಸರಿನಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನು ತಂದರು. ಅದರ ಪಟ್ಟಿಯ ಕೊನೆಯಲ್ಲಿ ‘ತೀವ್ರ ಕುಡಿತ’ವೂ ಇತ್ತು. ಸುಮಾರು 4 ಲಕ್ಷ ಜನ ಈ ಕಾನೂನಿಗೆ ಸಿಕ್ಕಿಬಿದ್ದರು. ಆರೋಗ್ಯವಾಗಿರುವುದು ಪ್ರಜೆಯ ಕರ್ತವ್ಯ ಅನ್ನುವುದು ಆಗಿನ ಘೋಷಣೆ. ಭತ್ಯೆ ನಿಲ್ಲಿಸುವುದಕ್ಕೂ ಇದಕ್ಕೂ ಆಕಾಶ ಭೂಮಿಯ ಅಂತರ ಇದೆ, ಎರಡನ್ನೂ ಒಂದೇ ಅಂತ ಯಾರೂ ಹೇಳಲಾರರು. ಆದರೆ ಇವತ್ತಿನ ಜರ್ಮನರು ಕಾಯಿಲೆಯಲ್ಲಿ ತಪ್ಪು ಹುಡುಕುವ ಮಾತು ಬಂದಾಗ ಸ್ವಲ್ಪ ಹಿಂಜರಿಯುವುದಕ್ಕೆ ಈ ನೆನಪೂ ಒಂದು ಕಾರಣ ಅಂತ ನನಗನ್ನಿಸುತ್ತೆ.

ಯುದ್ಧದ ನಂತರ ದಿಕ್ಕು ಬದಲಾಯಿತು. 1951ರಿಂದ ಕಾರ್ಮಿಕ, ಮಾಲೀಕ ಇಬ್ಬರದೂ ಸಮಪಾಲಾಯಿತು. 1968ರ ಜೂನ್ 18ರಂದು ಪಶ್ಚಿಮ ಜರ್ಮನಿಯ ಉನ್ನತ ಸಾಮಾಜಿಕ ನ್ಯಾಯಾಲಯ ಕುಡಿತದ ಚಟವೂ ವಿಮೆಯ ಅರ್ಥದಲ್ಲಿ ಒಂದು ಕಾಯಿಲೆಯೇ ಅಂತ ತೀರ್ಪು ಕೊಟ್ಟಿತು. 1883ರಲ್ಲಿ ಭತ್ಯೆ ಕಳೆದುಕೊಳ್ಳಲು ಕಾರಣವಾಗಿದ್ದ ಸಂಗತಿ 85 ವರ್ಷದ ನಂತರ ಚಿಕಿತ್ಸೆ ಪಡೆಯಲು ಕಾರಣವಾಯಿತು. ಇದರ ಎಳೆ ಇನ್ನೂ ಮುಂದುವರಿದಿದೆ. ಇಲ್ಲಿ ಮೊದಲ ಆರು ವಾರ ಕಾಯಿಲೆಯ ಸಂಬಳ ಕೊಡಬೇಕಾದದ್ದು ಕಂಪನಿ, ಆದರೆ ಕಾಯಿಲೆಗೆ ನೌಕರನ ತಪ್ಪು ಕಾರಣವಾಗಿರಬಾರದು ಅಂತ ಕಾನೂನು ಹೇಳುತ್ತದೆ. ಚಿಕಿತ್ಸೆಯಾಗಿ ಸುಧಾರಿಸಿದ್ದ ಒಬ್ಬ ಕಾರ್ಮಿಕ ಮತ್ತೆ ಕುಡಿದು, ರಕ್ತದಲ್ಲಿ 4.9 ಪ್ರೊಮಿಲೆ ಮದ್ಯದೊಂದಿಗೆ ಆಸ್ಪತ್ರೆ ಸೇರಿದ. ಕಂಪನಿ ಸಂಬಳ ಕೊಡಲ್ಲ ಅಂತು. ಕಾಸೆಯೇ ಅವನ ಪರವಾಗಿ ಖರ್ಚು ಮಾಡಿ ಕಂಪನಿಯ ಮೇಲೆ ಕೇಸು ಹಾಕಿತು. 2015ರ ಮಾರ್ಚಿನಲ್ಲಿ ಉನ್ನತ ಕಾರ್ಮಿಕ ನ್ಯಾಯಾಲಯ ಕಾಸೆಯ ಪರ ತೀರ್ಪು ಕೊಟ್ಟಿತು: ಚಟ ಇರುವವನು ಮತ್ತೆ ಜಾರಿದರೆ ಅದನ್ನು ಸುಲಭವಾಗಿ ಅವನ ತಪ್ಪು ಅನ್ನಲಾಗದು. ನಮ್ಮವರಲ್ಲಿ ಯಾರಿಗಾದರೂ ಇಂಥ ತೊಂದರೆ ಇದ್ದು ಕೆಲಸ ಹೋಗುತ್ತೆ ಅಂತ ಹೆದರಿ ಮುಚ್ಚಿಡುತ್ತಿದ್ದರೆ, ಈ ತೀರ್ಪು ಇದೆ ಅಂತ ತಿಳಿದಿರಲಿ.

ಹಾಗಂತ ಹಳೆಯ ಆಸೆ ಸತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಪಾಠವಾಗುವ ಪ್ರಸಂಗ ಹಲ್ಲಿನದು. 1996ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ ಖರ್ಚು ಇಳಿಸಲು ಒಂದು ಕಾನೂನು ತಂದಿತು. ಆರೋಗ್ಯ ಮಂತ್ರಿ ಹಾರ್ಸ್ಟ್ ಜೇಹೋಫರ್. 1979ರಿಂದೀಚೆ ಹುಟ್ಟಿದವರಿಗೆ ಕಾಸೆ ಇನ್ನು ಕಟ್ಟಿಸುವ ಹಲ್ಲಿಗೆ, ಅಂದ್ರೆ ಕ್ರೌನ್, ಬ್ರಿಡ್ಜ್, ಹಲ್ಲಿನ ಸೆಟ್ಟಿಗೆ, ದುಡ್ಡು ಕೊಡುವುದಿಲ್ಲ. ತರ್ಕ ಏನು? ಈ ತಲೆಮಾರು ಹಲ್ಲಿನ ರಕ್ಷಣೆಯ ಎಲ್ಲ ಅನುಕೂಲ ಪಡೆದು ಬೆಳೆದಿದೆ, ಇವರ ಹಲ್ಲು ಹಾಳಾದರೆ ಅದು ಇವರದೇ ಅಸಡ್ಡೆ. 1997ರ ಜನವರಿಯಿಂದ ಜಾರಿಯಾಯಿತು. ಆಗ ಇವರಲ್ಲಿ ಅತಿ ಹಿರಿಯರಿಗೆ ವಯಸ್ಸು ಹದಿನೆಂಟು. ಹಲ್ಲುಜ್ಜುವ ಅಭ್ಯಾಸ ಯಾರು ಕಲಿಸಬೇಕಿತ್ತೋ ಅವರಿಗೆ ಶಿಕ್ಷೆ ಇಲ್ಲ, ಕಲಿಯದ ಮಗುವಿಗೆ ಜೀವನಪೂರ್ತಿ ಶಿಕ್ಷೆ. ಮುರುಕು ಹಲ್ಲು ನೋಡಿದರೆ ಇವನು ಯಾವ ಮನೆಯವನು ಅಂತ ಹೇಳುವ ಕಾಲ ಮತ್ತೆ ಬರುತ್ತದೆ ಅನ್ನುವ ಟೀಕೆ ಬಂತು. 1998ರಲ್ಲಿ ಕೋಲ್ ಸೋತರು, ಹೊಸ ಸರ್ಕಾರ 1999ರ ಜನವರಿಯಿಂದಲೇ ಆ ನಿಯಮವನ್ನು ಕಿತ್ತುಹಾಕಿತು. ಎರಡು ವರ್ಷ ಬಾಳಿದ ಕಾನೂನು.

ಆದರೆ ಹಲ್ಲಿನ ವಿಷಯದಲ್ಲಿ ಇನ್ನೊಂದು ದಾರಿ ಉಳಿದುಕೊಂಡಿತು. ನಮ್ಮೆಲ್ಲರ ಡ್ರಾಯರಿನಲ್ಲಿ ಇರುವ, ಬೇಕಾದಾಗ ಮಾತ್ರ ಸಿಗದ ಬೋನಸ್‌ಹೆಫ್ಟ್. ಕಟ್ಟಿಸುವ ಹಲ್ಲಿನ ಸಾಮಾನ್ಯ ಖರ್ಚಿನಲ್ಲಿ ಕಾಸೆ ಶೇ. 60 ಕೊಡುತ್ತದೆ, ಐದು ವರ್ಷ ತಪ್ಪದೆ ತಪಾಸಣೆ ಮಾಡಿಸಿದ್ದರೆ ಶೇ. 70, ಹತ್ತು ವರ್ಷವಾದರೆ ಶೇ. 75. ಇದೂ ಅಭ್ಯಾಸಕ್ಕೆ ಬೆಲೆ ಕಟ್ಟುವುದೇ. ವ್ಯತ್ಯಾಸ ಏನಂದ್ರೆ, ಇಲ್ಲಿ ಬಾಗಿಲು ಯಾರಿಗೂ ಮುಚ್ಚಿಲ್ಲ, ಮತ್ತು ನಿಮ್ಮಿಂದ ಕೇಳುವುದು ಒಂದು ಮಾಡಬಹುದಾದ ಕೆಲಸ. ಇಂಥದ್ದಕ್ಕೆ ನನ್ನ ತಕರಾರಿಲ್ಲ.

2007ರಲ್ಲಿ ಇನ್ನೊಂದು ಬಂತು. ಹಚ್ಚೆ, ಕಿವಿ ಮೂಗು ಹೊಕ್ಕಳು ಚುಚ್ಚಿಸಿಕೊಳ್ಳುವುದು, ವೈದ್ಯಕೀಯ ಅಗತ್ಯವಿಲ್ಲದ ಸೌಂದರ್ಯದ ಆಪರೇಷನ್, ಇವುಗಳಿಂದ ಸೋಂಕು ತಗಲಿದರೆ ಚಿಕಿತ್ಸೆಯ ಖರ್ಚಿನಲ್ಲಿ ಪಾಲನ್ನು ರೋಗಿಯೇ ಕೊಡಬೇಕು. ಈ ನಿಯಮ ಇವತ್ತಿಗೂ ಜಾರಿಯಲ್ಲಿದೆ. ಆಲ್ಪ್ಸ್ ಬೆಟ್ಟದಲ್ಲಿ ಸ್ಕೀ ಆಡಲು ಹೋಗಿ ಮಂಡಿ ಮುರಿದುಕೊಂಡವರಿಗೆ? ಕಾಸೆ ಮಾತಿಲ್ಲದೆ ಖರ್ಚು ಹಾಕುತ್ತದೆ. ಸ್ಕೀ ಆಡುವುದೂ ಸ್ವಂತ ಇಚ್ಛೆಯೇ, ಅಪಾಯವೂ ಗೊತ್ತಿದ್ದದ್ದೇ. ಆದರೆ ಕಾನೂನು ಬರೆಯುವವರು ಚಳಿಗಾಲದ ರಜೆಯಲ್ಲಿ ಸ್ಕೀ ಆಡುತ್ತಾರೆ, ಹೊಕ್ಕಳು ಚುಚ್ಚಿಸಿಕೊಳ್ಳುವವರು ಕಡಿಮೆ ಇರಬೇಕು. ಕತ್ತಿವರಸೆಯ ವಿದ್ಯಾರ್ಥಿಗಳು ನೆನಪಾದರೇ?

ತೆರಿಗೆಯಲ್ಲೂ ಇದೇ ಕಥೆ. ಬಿಯರಿಗೆ ತೆರಿಗೆ ಇದೆ, ಬ್ರಾಂಡಿ ವಿಸ್ಕಿಗೆ ಇದೆ. ನೊರೆ ಬರುವ ಜೆಕ್ಟ್ ಮದ್ಯಕ್ಕೆ ಕೈಸರ್ ತನ್ನ ನೌಕಾಪಡೆಗಾಗಿ 1902ರಲ್ಲಿ ಹಾಕಿದ ತೆರಿಗೆ ಇವತ್ತಿಗೂ ಇದೆ, ಆ ಹಡಗುಗಳು ಮುಳುಗಿ ನೂರು ವರ್ಷವಾದ ಮೇಲೂ. ಸಾಧಾರಣ ವೈನಿಗೆ ಮಾತ್ರ ಮದ್ಯದ ತೆರಿಗೆ ಸೊನ್ನೆ. ಯಕೃತ್ತಿಗೆ ಈ ಭೇದ ಗೊತ್ತಾಗುವುದಿಲ್ಲ.

ಆದರೂ ತೆರಿಗೆ ಮತ್ತು ಚಿಕಿತ್ಸೆಯ ಶುಲ್ಕ ಒಂದೇ ಅಲ್ಲ ಅನ್ನುವುದು ನನ್ನ ವಾದದ ಮುಖ್ಯ ಅಂಶ. 2004, 2005ರಲ್ಲಿ ಸಿಗರೇಟಿನ ತೆರಿಗೆಯನ್ನು ಮೂರು ಕಂತಿನಲ್ಲಿ ಏರಿಸಿದರು, ಕಾಸೆಗಳಿಗೆ ಸರ್ಕಾರದ ಸಹಾಯಧನ ಕೊಡುವುದಕ್ಕೆ ಅಂತ ಹೇಳಿಯೇ ಏರಿಸಿದರು. ಇವತ್ತು ತಂಬಾಕಿನಿಂದ ಖಜಾನೆಗೆ ವರ್ಷಕ್ಕೆ 1,400 ಕೋಟಿ ಯೂರೊ ಮೀರಿ ಬರುತ್ತದೆ. ಅಂದ್ರೆ ಬಾಲ್ಕನಿಯ ಆ ಪಕ್ಕದ ಮನೆಯವನು ಪ್ರತಿ ಪ್ಯಾಕಿಗೂ ದುಡ್ಡು ಕಟ್ಟುತ್ತಲೇ ಇದ್ದಾನೆ, ಗಟ್ಟಿಮುಟ್ಟಾಗಿ ದುಡಿಯುವಾಗ, ಸ್ವಲ್ಪ ಸ್ವಲ್ಪವಾಗಿ. ಶುಲ್ಕ ಹಾಗಲ್ಲ. ಅದು ಕೇಳುವುದು ಅವನು ಮಲಗಿದಾಗ, ದುಡಿಮೆ ನಿಂತಾಗ, ಒಟ್ಟಿಗೆ. ಸೇದಿಯೂ ಕಾಯಿಲೆ ಬರದವನು ಶುಲ್ಕದಿಂದ ಪಾರು, ಸೇದದೆ ಶ್ವಾಸಕೋಶದ ಕ್ಯಾನ್ಸರ್ ಬಂದವನು ನಾನು ಸೇದಿಲ್ಲ ಅಂತ ಸಾಬೀತು ಮಾಡಬೇಕು.

ಓಡುವ ಗೆಳೆಯನಿಗೆ ಇನ್ನೊಂದು ಲೆಕ್ಕವೂ ಹೇಳಬೇಕು. 1997ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಧೂಮಪಾನಿಗಳ ಇಡೀ ಜೀವಮಾನದ ಚಿಕಿತ್ಸೆಯ ಖರ್ಚು ಕೂಡಿ ನೋಡಿದರು. ವರ್ಷಕ್ಕೆ ನೋಡಿದರೆ ಅವರ ಖರ್ಚು ಹೆಚ್ಚು. ಜೀವಮಾನಕ್ಕೆ ನೋಡಿದರೆ ಕಡಿಮೆ, ಯಾಕಂದ್ರೆ ಅವರು ಬೇಗ ಸಾಯುತ್ತಾರೆ. ಹೆಚ್ಚು ಕಾಲ ಬದುಕುವವರೇ ಕೊನೆಗೆ ಹೆಚ್ಚು ಖರ್ಚಿನವರು. 2001ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಇದೇ ಬಗೆಯ ಲೆಕ್ಕವನ್ನು ಚೆಕ್ ಗಣರಾಜ್ಯದ ಮುಂದಿಟ್ಟಿತು, ಧೂಮಪಾನಿಗಳು ಬೇಗ ಸಾಯುವುದರಿಂದ ಸರ್ಕಾರಕ್ಕೆ ಉಳಿತಾಯ ಅಂತ. ಜನ ಉಗಿದರು, ಕಂಪನಿ ಕ್ಷಮೆ ಕೇಳಿತು. ಉಗಿದದ್ದು ಸರಿಯಾಗೇ ಇದೆ. ಆದರೆ ‘ಅವನ ಖರ್ಚು ನಾನು ಹೊರುತ್ತಿದ್ದೇನೆ’ ಅಂತ ಲೆಕ್ಕಕ್ಕೆ ಇಳಿದವರು ಲೆಕ್ಕವನ್ನು ಕೊನೆಯವರೆಗೂ ಮಾಡಬೇಕಾಗುತ್ತದೆ.

ಇನ್ನು ಇದರಲ್ಲಿ ನಮ್ಮ ಪಾಲು. ವಲಸೆ ಬಂದವರ ದೇಹವನ್ನು ಈ ದೇಶ ಮೊದಲಿಂದಲೂ ಲೆಕ್ಕ ಹಾಕಿಯೇ ನೋಡಿದೆ. 1961ರ ಒಪ್ಪಂದದ ನಂತರ ತುರ್ಕಿಯಿಂದ ಕಾರ್ಮಿಕರನ್ನು ಕರೆಸುವಾಗ ಇಸ್ತಾಂಬುಲ್ಲಿನ ಜರ್ಮನ್ ಕಚೇರಿಯಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು, ಎದೆ, ರಕ್ತ ಪರೀಕ್ಷೆ ಮಾಡಿ ಆರಿಸಿದರು. ಗಟ್ಟಿಯಾಗಿದ್ದವರು ಮಾತ್ರ ರೈಲು ಹತ್ತಿದರು. ಅವರೇ ಗಣಿ, ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದು ಬೆನ್ನು ನೋವು, ಹೊಟ್ಟೆ ನೋವು ಅಂತ ಬಂದಾಗ ಕೆಲವು ಡಾಕ್ಟರುಗಳು ಅದಕ್ಕೆ ‘ಮಾರ್ಬಸ್ ಬಾಸ್ಫೊರಸ್’ ಅಂತ ಅಣಕದ ಹೆಸರಿಟ್ಟರು, ಅಂದರೆ ಬಾಸ್ಫೊರಸ್ ಕಡೆಯವರ ಕಾಯಿಲೆ. ನೋವು ಕೆಲಸದ್ದಲ್ಲ, ಅವರ ಸ್ವಭಾವದ್ದು ಅನ್ನುವ ಧ್ವನಿ.

ನಮಗೆ ಬರುವುದು ಬೆನ್ನು ನೋವಿಗಿಂತ ಮೊದಲು ಸಕ್ಕರೆ. ದಕ್ಷಿಣ ಏಷ್ಯಾದವರಿಗೆ ಯುರೋಪಿನವರಿಗಿಂತ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ತೂಕದ ಸೂಚ್ಯಂಕ 25 ದಾಟಿದರೆ ಅಪಾಯ ಅಂತ ಇಲ್ಲಿನ ಲೆಕ್ಕವಾದರೆ, ಏಷ್ಯಾದವರಿಗೆ 23ರಿಂದಲೇ ಎಚ್ಚರ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ನಾಳೆ ಅಭ್ಯಾಸದ ಕಾಯಿಲೆಗೆ ಶುಲ್ಕ ಅಂತ ಬಂದರೆ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಸಿಗರೇಟಲ್ಲ, ರಕ್ತ ಪರೀಕ್ಷೆಯಲ್ಲಿ ಅಳೆಯಲು ಸುಲಭವಾದ ಸಕ್ಕರೆ. ಅನ್ನ, ಕೂತು ಮಾಡುವ ಕೆಲಸ, ಗೋದಾಮಿನ ರಾತ್ರಿ ಪಾಳಿ, ಅಪ್ಪ ಅಮ್ಮನಿಂದ ಬಂದ ರಕ್ತ, ಇವುಗಳಲ್ಲಿ ಯಾವುದು ಅಭ್ಯಾಸ, ಯಾವುದು ಹಣೆಬರಹ ಅಂತ ಬಿಡಿಸುವ ಗುಮಾಸ್ತ ಯಾರು? ಖಾಸಗಿ ವಿಮೆಗೆ ಹೋಗಲು ಅರ್ಜಿ ಹಾಕಿದ ನಮ್ಮವರಿಗೆ ಇದರ ರುಚಿ ಗೊತ್ತು. ಅಲ್ಲಿ ಆರೋಗ್ಯದ ಪ್ರಶ್ನೆಗಳ ಫಾರಂ ಇದೆ. ಸಕ್ಕರೆ ಇದೆ ಅಂತ ಬರೆದರೆ ಕಂತು ಏರುತ್ತದೆ, ಇಲ್ಲವೇ ಬಾಗಿಲೇ ಮುಚ್ಚುತ್ತದೆ.

ಬಿಸ್ಮಾರ್ಕನ ಮಾದರಿ ನಮ್ಮ ಊರಿಗೂ ಬಂದಿದೆ. ಅಪ್ಪನಿಗೋ ಚಿಕ್ಕಪ್ಪನಿಗೋ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸವಿದ್ದವರೆಲ್ಲ ಇಎಸ್‌ಐ ಆಸ್ಪತ್ರೆ ನೋಡಿಯೇ ಇರುತ್ತೀರಿ. ಬಿ. ಪಿ. ಅದಾರ್ಕರ್ 1944ರಲ್ಲಿ ಕೊಟ್ಟ ವರದಿಯ ಮೇಲೆ 1948ರಲ್ಲಿ ಆ ಕಾನೂನು ಬಂತು. ಅದೂ ಸಂಬಳದಿಂದ ಕಂತು ಹಿಡಿಯುವ ವಿಮೆಯೇ. ಕಾಯಿಲೆಯ ಭತ್ಯೆ ಪಡೆಯುವವನು ಚಿಕಿತ್ಸೆಯಲ್ಲಿರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವಂಥದ್ದನ್ನು ಮಾಡಬಾರದು ಅಂತ ಅಲ್ಲಿ ಷರತ್ತಿದೆ. ಕಾಯಿಲೆ ಹೇಗೆ ಬಂತು ಅನ್ನುವುದಕ್ಕಿಂತ ಇನ್ನು ಮುಂದೆ ಹೇಗೆ ನಡೆದುಕೊಳ್ಳುತ್ತೀಯ ಅನ್ನುವುದರ ಮೇಲೆ ಒತ್ತು. ಬರ್ಲಿನ್ನಿನ 1883ರ ಪಟ್ಟಿಗಿಂತ ಇದು ನನಗೆ ಹೆಚ್ಚು ಹಿಡಿಸುತ್ತದೆ.

2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಳ್ಳದವರೇ ಆಸ್ಪತ್ರೆ ಬಿಲ್ಲು ಕಟ್ಟಲಿ ಅನ್ನುವ ಕೂಗು ಇಲ್ಲೂ ಎದ್ದಿತ್ತು. ಸಿಂಗಪುರ ಡಿಸೆಂಬರ್ 8ರಿಂದ ಹಾಗೇ ಮಾಡಿತು. ಜರ್ಮನಿ ಕ್ವಾರಂಟೈನ್ ದಿನಗಳ ಸಂಬಳದ ಪರಿಹಾರವನ್ನು ಅವರಿಗೆ ನಿಲ್ಲಿಸಿತೇ ಹೊರತು ಚಿಕಿತ್ಸೆಯ ಬಿಲ್ಲು ಕಳಿಸಲಿಲ್ಲ. 1883ರಲ್ಲೂ ಗೆರೆ ಇದೇ ಜಾಗದಲ್ಲಿತ್ತು, ಭತ್ಯೆ ಹೋದೀತು, ಡಾಕ್ಟರು ಹೋಗುವುದಿಲ್ಲ.

ಈಗಿನ ವಾದ ತೂಕದ ಸುತ್ತ ನಡೆಯುತ್ತಿದೆ. ತೂಕ ಇಳಿಸುವ ಔಷಧಿಗಳು 2004ರಿಂದ ‘ಜೀವನಶೈಲಿಯ ಔಷಧಿ’ ಅನ್ನುವ ಪಟ್ಟಿಯಲ್ಲಿವೆ, ಕಾಸೆ ಅವಕ್ಕೆ ದುಡ್ಡು ಕೊಡುವುದಿಲ್ಲ. ಸಿಗರೇಟು ಬಿಡಿಸುವ ಔಷಧಿಗಳೂ ಅದೇ ಪಟ್ಟಿಯಲ್ಲಿದ್ದವು, ಚಟ ತೀವ್ರವಾಗಿರುವವರಿಗೆ ದಾರಿ ತೆರೆಯಲು 2021ರಲ್ಲಿ ಕಾನೂನು ಬದಲಾಯಿಸಬೇಕಾಯಿತು. ಈಗ ಎಲ್ಲರ ಬಾಯಲ್ಲಿರುವ ಸೆಮಗ್ಲುಟೈಡ್ ಚುಚ್ಚುಮದ್ದನ್ನು ತೂಕಕ್ಕೆ ಅಂತ ಬರೆಸಿಕೊಂಡರೆ ಪೂರ್ತಿ ಬೆಲೆ ನಮ್ಮ ಜೇಬಿನಿಂದ. ಅದೇ ಔಷಧವನ್ನು ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬರೆದುಕೊಟ್ಟರೆ ಕಾಸೆ ಕೊಡುತ್ತದೆ.